ಮಗ್ಗದ ಮನೆಗೊಂದು ಲೆನ್ಸ್

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ನೋಡುವುದು ಮೇಲಿನ ಮೂಲೆಯಲ್ಲಿರುವ ಪುಟ್ಟ ಗಾಜಿನ ಕಿಟಕಿಯಿಂದ, ಚಿತ್ರ ಮೂಡುವುದು ಕೆಳಗಿನ ಲೆನ್ಸಿನಿಂದ. ಇವೆರಡರ ನಡುವಿನ ನಂಟು ಬಾಡಿಯ ಒಳಗಿರುವ ಒಂದು ಸಣ್ಣ ಸನ್ನೆಕೋಲು. ಲೆನ್ಸನ್ನು ತಿರುಗಿಸಿದ ಹಾಗೆ ಅದು ಸರಿದಾಡಿ, ಕಿಟಕಿಯ ನಡುವೆ ಮಸುಕಾಗಿ ಕಾಣುವ ಜೋಡಿ ಬಿಂಬಗಳನ್ನು ಹತ್ತಿರ ತರುತ್ತದೆ. ಎರಡೂ ಕೂಡಿಕೊಂಡರೆ ಫೋಕಸ್ ಆಯಿತು. ಹಾಗಾಗಿ ಐದು ಸಾವಿರದ ಲೆನ್ಸ್ ಹಾಕಿದರೂ ಐದು ಲಕ್ಷದ್ದು ಹಾಕಿದರೂ ಕಣ್ಣಿಗೆ ಸಿಗುವ ನೋಟ ಒಂದೇ. ಮುಚ್ಚಳ ತೆಗೆಯದೆ ಇದ್ದರೂ ಅದೇ ನೋಟ. ಲೆನ್ಸಿನ ಗುಣ ಎಂಥದು ಅಂತ ಗೊತ್ತಾಗುವುದು ರೋಲ್ ಮುಗಿದು, ತೊಳೆದು, ನೆಗೆಟಿವ್ ಒಣಗಿದ ಮೇಲೆ.

ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾಗೆ ಅಂಗಡಿಯಲ್ಲಿ ಲೆನ್ಸ್ ಕೊಳ್ಳುವವರು ಹಾಕಿ ನೋಡಿ, ಹಿತವೆನಿಸಿದರೆ ದುಡ್ಡು ಕೊಡುತ್ತಾರೆ. ಆ ಭಾಗ್ಯ ನಮಗಿಲ್ಲ. ನಾವು ಆರಿಸುವಾಗ ಎಲ್ಲಿ ನಿಲ್ಲುತ್ತೇವೆ, ಯಾರ ಮುಂದೆ ನಿಲ್ಲುತ್ತೇವೆ, ಅಲ್ಲಿ ಬೆಳಕು ಎಷ್ಟಿರುತ್ತದೆ ಎಂದು ಮೊದಲು ಯೋಚಿಸಬೇಕು. ಕಡಿಮೆ ಬೆಲೆಯ ಲೆನ್ಸ್ ಹುಡುಕುವವರಿಗಂತೂ ಇದು ಬಿಟ್ಟರೆ ಬೇರೆ ಅಳತೆಗೋಲಿಲ್ಲ. ಹೆಸರು, ನಂಬರು, ಯಾರೋ ತೆಗೆದ ಚಂದದ ಚಿತ್ರ ಇವೆಲ್ಲ ಆಮೇಲಿನ ಮಾತು.

ನನ್ನ ಮಟ್ಟಿಗೆ ಆ ಜಾಗ ಆನೈಮಲೈ ಬೆಟ್ಟಗಳ ಸೀಮೆ. ನಾವಿರುವುದು ಉಡುಮಲಪೇಟೆಯಲ್ಲಿ. ಮನೆಯೊಳಗೆ ಕನ್ನಡ, ಬೀದಿಗೆ ಇಳಿದರೆ ತಮಿಳು. ತಾರಸಿಗೆ ಹತ್ತಿ ದಕ್ಷಿಣಕ್ಕೆ ತಿರುಗಿದರೆ ಬೆಟ್ಟದ ಸಾಲು. ಉತ್ತರಕ್ಕೆ ತಿರುಗಿದರೆ ಬಯಲು, ತೆಂಗಿನ ತೋಪು, ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಗಾಳಿಗೆ ಸುತ್ತುವ ಗಾಳಿಯಂತ್ರಗಳು. ಕ್ಯಾಮೆರಾ ನನ್ನ ಸೋದರಮಾವನದು. ವಾಲ್ಪಾರೈ ಕಡೆಯ ಚಹಾ ತೋಟವೊಂದರಲ್ಲಿ ಗುಮಾಸ್ತರಾಗಿದ್ದ ಅವರು ಮದ್ರಾಸಿನ ಬರ್ಮಾ ಬಜಾರಿನಲ್ಲಿ ಕೊಂಡಿದ್ದ ಕ್ಯಾನನ್ ಪಿ. 1959ರಲ್ಲಿ ಬಂದ ಮಾದರಿ. ಒಳಗೆ ಬ್ಯಾಟರಿ ಇಲ್ಲ, ಬೆಳಕಿನ ಮೀಟರ್ ಇಲ್ಲ. ಷಟರ್ ಪರದೆ ಬಟ್ಟೆಯದಲ್ಲ, ತೆಳುವಾದ ಸ್ಟೀಲ್ ತಗಡಿನದು. ಕಿಟಕಿಯೊಳಗೆ 35, 50, 100 ಮಿಲಿಮೀಟರ್ ಲೆನ್ಸುಗಳ ಮೂರು ಚೌಕಟ್ಟೂ ಒಟ್ಟಿಗೇ ಕಾಣುತ್ತವೆ. ಬಾಡಿ ಇವತ್ತಿಗೂ ಗಡಿಯಾರದಷ್ಟು ನಿಖರ. ಲೆನ್ಸ್ ಮಾತ್ರ ಹೋಗಿತ್ತು. ತೋಟದ ಕ್ವಾರ್ಟರ್ಸಿನಲ್ಲಿ ಎಷ್ಟೋ ಮಳೆಗಾಲ ಚರ್ಮದ ಕೇಸಿನೊಳಗೇ ಕೂತು, ಗಾಜಿಗೆ ಬೂಷ್ಟು ಹಿಡಿದು, ಆ ಬೂಷ್ಟು ಗಾಜಿನ ಕೋಟಿಂಗನ್ನೇ ತಿಂದುಹಾಕಿತ್ತು. ಒರೆಸಿದರೆ ಎಳೆಗಳು ಹೋದವು, ಅವುಗಳ ಅಚ್ಚು ಹೋಗಲಿಲ್ಲ. ವಾಲ್ಪಾರೈ ಹತ್ತಿರದ ಚಿನ್ನಕಲ್ಲಾರು ದಕ್ಷಿಣ ಭಾರತದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಆ ಆಸುಪಾಸಿನಲ್ಲಿ ಗಾಜು ಉಳಿಯುವುದು ಸುಲಭವಲ್ಲ.

ದೂರವನ್ನು ಅಳೆದು ಕ್ಯಾಮೆರಾಗೆ ತಿಳಿಸುವ ಸಮಸ್ಯೆಗೆ ನಮ್ಮ ಸೀಮೆಯಲ್ಲೇ ತಲೆ ಕೊಟ್ಟವರೊಬ್ಬರಿದ್ದರು ಎನ್ನುವುದು ನನಗೆ ಬಹಳ ಹೆಮ್ಮೆಯ ವಿಷಯ. ಕೊಯಮತ್ತೂರಿನ ಜಿ. ಡಿ. ನಾಯ್ಡು 1920ರಲ್ಲಿ ಒಂದೇ ಒಂದು ಬಸ್ ಇಟ್ಟುಕೊಂಡು ಪೊಳ್ಳಾಚಿಯಿಂದ ಪಳನಿಗೆ ಓಡಿಸಿ ಸಾರಿಗೆ ಉದ್ಯಮ ಆರಂಭಿಸಿದವರು. ಆ ದಾರಿ ನಮ್ಮೂರಿನ ಮೇಲೆಯೇ ಹೋಗುತ್ತದೆ. ಮುಂದೆ ಅವರು ಮಾಡಿದ ಆವಿಷ್ಕಾರಗಳ ಪಟ್ಟಿಯಲ್ಲಿ ತೆಳುವಾದ ಷೇವಿಂಗ್ ಬ್ಲೇಡ್, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ಓಡುವ ಫ್ಯಾನ್ ಇವುಗಳ ಜೊತೆಗೆ ಫಿಲ್ಮ್ ಕ್ಯಾಮೆರಾಗಳಿಗೆ ದೂರ ಹೊಂದಿಸುವ ಸಾಧನವೂ ಇದೆ. ಲಂಡನ್ನಿನಲ್ಲಿ ಐದನೇ ಜಾರ್ಜ್ ದೊರೆಯ ಶವಯಾತ್ರೆಯನ್ನು ಸ್ವತಃ ಕ್ಯಾಮೆರಾ ಹಿಡಿದು ಚಿತ್ರೀಕರಿಸಿದವರು ಅವರು. ಓಡುವ ಬಸ್ಸಿಗೂ ನಿಂತ ಕ್ಯಾಮೆರಾಗೂ ಒಂದೇ ತಲೆ ಓಡಿಸಿದ ಇಂಥವರು ಇದೇ ಮಣ್ಣಿನಲ್ಲಿ ಹುಟ್ಟಿದ್ದಾರೆ.

ಇನ್ನು ದುಡ್ಡಿನ ಮಾತು. ಒಂದು ಕಾಲಕ್ಕೆ ನಮ್ಮ ಪಕ್ಕದ ನೀಲಗಿರಿಯಲ್ಲೇ ಫಿಲ್ಮ್ ತಯಾರಾಗುತ್ತಿತ್ತು. ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ 1967ರಲ್ಲಿ ಉತ್ಪಾದನೆ ಶುರುವಾಯಿತು. ‘ಇಂದು’ ಹೆಸರಿನ ಅವರ ಕಪ್ಪು ಬಿಳುಪು ಫಿಲ್ಮ್ ಊರೂರಿನ ಸ್ಟುಡಿಯೋಗಳಲ್ಲಿ ಸಿಗುತ್ತಿತ್ತು. ಆ ಕಾರ್ಖಾನೆ ಈಗ ಇಲ್ಲ. ವಿದೇಶದಿಂದ ಬರುವ ಒಳ್ಳೆಯ ಕಪ್ಪು ಬಿಳುಪು ರೋಲ್ ಒಂದಕ್ಕೆ ಇವತ್ತು ಸಾವಿರ ರೂಪಾಯಿಯ ಹತ್ತಿರ ಬೀಳುತ್ತದೆ. ಅದರಲ್ಲಿ 36 ಚಿತ್ರ. ತೊಳೆಯುವ, ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ಲೆನ್ಸಿಗೆ ಉಳಿಸಿದ ಪ್ರತಿ ಸಾವಿರವೂ ಒಂದು ರೋಲ್. ಲಕ್ಷ ಕೊಟ್ಟು ಲೈಕಾದ ಸಮ್ಮಿಕ್ರಾನ್ ಕೊಂಡು, ಆಮೇಲೆ ರೋಲ್ ಹಾಕುವ ಮುಂಚೆ ಕೈ ಬಿಗಿಹಿಡಿಯುವವರನ್ನು ಕಂಡರೆ ನನಗೆ ನಿಜಕ್ಕೂ ಮರುಕವಾಗುತ್ತದೆ. ಫಿಲ್ಮ್ ಓಡಿದರೆ ತಾನೆ ಕೈ ಪಳಗುವುದು.

ನಮ್ಮಂಥವರ ಅದೃಷ್ಟಕ್ಕೆ ಕ್ಯಾನನ್ ಪಿ ಕ್ಯಾಮೆರಾದ ಬಾಯಿ 39 ಮಿಲಿಮೀಟರ್ ಸ್ಕ್ರೂ ಮೌಂಟ್. ಲೈಕಾ ಕಂಪನಿ 1930ರ ದಶಕದಲ್ಲಿ ರೂಢಿಗೆ ತಂದ ಈ ತಿರುಪಿನ ಅಳತೆಯನ್ನು ಜಪಾನಿನವರು, ರಷ್ಯದವರು, ಇಂಗ್ಲೆಂಡಿನವರು, ಇಟಲಿಯವರು ಎಲ್ಲರೂ ಎತ್ತಿಕೊಂಡರು. ಹಾಗಾಗಿ ಹಲವು ದೇಶಗಳ, ಹಲವು ದಶಕಗಳ ಲೆನ್ಸುಗಳು ಒಂದೇ ಬಾಯಿಗೆ ಕೂರುತ್ತವೆ. 1954ರಲ್ಲಿ ಲೈಕಾ ಎಂ3 ಬಂದು ಮೌಂಟ್ ಬದಲಾದಾಗ ಲೆನ್ಸಿಗೂ ಫಿಲ್ಮಿಗೂ ನಡುವಿನ ಅಂತರವನ್ನು ಬೇಕೆಂದೇ ಒಂದು ಮಿಲಿಮೀಟರ್ ಕಡಿಮೆ ಮಾಡಿದರು. 28.8 ಇದ್ದದ್ದು 27.8 ಆಯಿತು. ಆ ಒಂದು ಮಿಲಿಮೀಟರ್ ದಪ್ಪದ ಬಳೆ ಸಿಕ್ಕಿಸಿದರೆ ಹಳೆಯ ಸ್ಕ್ರೂ ಲೆನ್ಸುಗಳೆಲ್ಲ ಹೊಸ ಬಾಡಿಗೂ ಒಗ್ಗುತ್ತವೆ. ಆದ್ದರಿಂದ ಎಂ ಮೌಂಟ್ ಇರುವವರೂ ಸ್ಕ್ರೂ ಲೆನ್ಸುಗಳ ಸಂತೆಯಲ್ಲೇ ಹುಡುಕಬಹುದು. ನನ್ನ ಸಲಹೆಯೂ ಅದೇ.

ಆ ಸಂತೆಯಲ್ಲಿ ಅಗ್ಗದವು ರಷ್ಯದವು. ಇಂಡಸ್ಟಾರ್-50, ಎಫ್ 3.5. ಇಂಡಸ್ಟಾರ್-61, ಎಫ್ 2.8. ಜುಪಿಟರ್-8, ಎಫ್ 2. ಬೆಲೆ ಏರುವುದೂ ಇದೇ ಕ್ರಮದಲ್ಲಿ, ಆದರೂ ಮೂರೂ ಕೆಲವೇ ಸಾವಿರಗಳ ಒಳಗೆ. ಕ್ಯಾನನ್ನಿನದೇ 50 ಮಿಲಿಮೀಟರ್ ಎಫ್ 1.8 ಒಳ್ಳೆಯ ಲೆನ್ಸ್, ಆದರೆ ಕಲೆಯಿಲ್ಲದ ಗಾಜು ಬೇಕೆಂದರೆ ಅವುಗಳ ಎರಡು ಮೂರು ಪಟ್ಟು ಕೊಡಬೇಕು. ಕೊಸಿನಾ ಕಂಪನಿಯವರು ವೋಯ್ಟ್‌ಲೆಂಡರ್ ಹೆಸರಿನಲ್ಲಿ 1999ರಿಂದ ಮಾಡುತ್ತಿರುವ ಲೆನ್ಸುಗಳು ಇನ್ನೂ ಮೇಲಿನ ಮೆಟ್ಟಿಲು. ಈಚೆಗೆ ಚೀನಾದಿಂದಲೂ ರೇಂಜ್‌ಫೈಂಡರಿಗೆ ಹೊಂದುವ ಹೊಸ ಲೆನ್ಸುಗಳು ಬರುತ್ತಿವೆ. ಹೊಸ ಗಾಜು, ಬೂಷ್ಟಿನ ಭಯವಿಲ್ಲ, ನಿಜ. ಆದರೆ ಅವುಗಳಲ್ಲಿ ಬಹುಪಾಲು ಎಂ ಮೌಂಟಿನವು. ಎಂ ಲೆನ್ಸ್ ಸ್ಕ್ರೂ ಬಾಡಿಗೆ ಕೂರುವುದಿಲ್ಲ, ಬಳೆ ಕೆಲಸ ಮಾಡುವುದು ಒಂದೇ ದಿಕ್ಕಿನಲ್ಲಿ.

ರಷ್ಯದ ಲೆನ್ಸ್ ಅಂದರೆ ಮೂಗು ಮುರಿಯುವವರಿದ್ದಾರೆ. ಅವರಿಗೆ ನಾನು ಹೇಳುವುದು ಜಪಾನಿನ ಕಥೆ. 1950ರಲ್ಲಿ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೋದಲ್ಲಿದ್ದರು. ಜಪಾನ್ ಅಂದರೆ ಅಗ್ಗದ ನಕಲಿ ಮಾಲು ಎಂದು ಲೋಕವೆಲ್ಲ ನಂಬಿದ್ದ ಕಾಲ. ಜುನ್ ಮಿಕಿ ಎಂಬ ಯುವ ಛಾಯಾಗ್ರಾಹಕ 85 ಮಿಲಿಮೀಟರ್ ನಿಕ್ಕಾರ್ ಲೆನ್ಸಿನಲ್ಲಿ ಡಂಕನ್ ಅವರದೇ ಚಿತ್ರ ತೆಗೆದು ಪ್ರಿಂಟ್ ತೋರಿಸಿದರು. ಡಂಕನ್ ಬೆರಗಾಗಿ ಲೆನ್ಸ್ ತಯಾರಿಸುವ ಕಾರ್ಖಾನೆಗೇ ಹೋದರು, ತಮ್ಮ ಲೈಕಾಗಳಿಗೆ ನಿಕ್ಕಾರ್ ಹಾಕಿಸಿಕೊಂಡರು. ಅಷ್ಟರಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಆ ಲೆನ್ಸುಗಳಲ್ಲಿ ಅವರು ತೆಗೆದ ಯುದ್ಧದ ಚಿತ್ರಗಳು ನ್ಯೂಯಾರ್ಕಿಗೆ ತಲುಪಿದ ಮೇಲೆ, ಆ ವರ್ಷ ಮುಗಿಯುವ ಮುಂಚೆಯೇ ಅಲ್ಲಿನ ಪತ್ರಿಕೆಯಲ್ಲಿ ಜಪಾನಿ ಲೆನ್ಸಿನ ಬಗ್ಗೆ ಲೇಖನ ಬಂತು. ಲೆನ್ಸ್ ಎಲ್ಲಿಂದ ಬಂತು ಎನ್ನುವುದನ್ನು ನೆಗೆಟಿವ್ ಕೇಳುವುದಿಲ್ಲ.

ಜುಪಿಟರ್-8 ಮೂಲದಲ್ಲಿ ಜರ್ಮನಿಯದೇ. 1930ರ ದಶಕದ ಆರಂಭದಲ್ಲಿ ಲುಡ್ವಿಗ್ ಬರ್ಟೆಲೆ ಎಂಬಾತ ಜೈಸ್ ಕಂಪನಿಯ ಕಾಂಟ್ಯಾಕ್ಸ್ ಕ್ಯಾಮೆರಾಗೆ ಸೊನ್ನಾರ್ ಎಂಬ ಲೆನ್ಸ್ ರಚಿಸಿದ. ಆಗ ಗಾಜಿಗೆ ಕೋಟಿಂಗ್ ಹಾಕುವ ವಿದ್ಯೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಗಾಳಿಗೆ ತೆರೆದ ಪ್ರತಿ ಗಾಜಿನ ಮುಖವೂ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಎಸೆದು ಚಿತ್ರವನ್ನು ಮಂಕಾಗಿಸುತ್ತಿತ್ತು. ಬರ್ಟೆಲೆ ಆರು ಗಾಜುಗಳನ್ನು ಮೂರೇ ಗುಂಪಾಗಿ ಅಂಟಿಸಿಬಿಟ್ಟ. ಗಾಳಿಗೆ ತೆರೆದ ಮುಖಗಳು ಆರಕ್ಕೆ ಇಳಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುದ್ಧ ಪರಿಹಾರವಾಗಿ ಜೈಸ್‌ನ ಯಂತ್ರಗಳೂ ನಕ್ಷೆಗಳೂ ಸೋವಿಯತ್ ದೇಶಕ್ಕೆ ಹೋದವು. ಕಾಂಟ್ಯಾಕ್ಸ್ ಕ್ಯಾಮೆರಾ ಕೀವ್ ಎಂಬ ಹೆಸರು ಪಡೆಯಿತು, ಸೊನ್ನಾರ್ ಜುಪಿಟರ್ ಆಯಿತು. ಅಲ್ಯೂಮಿನಿಯಂ ಮೈ, ಅಂಗೈಯಲ್ಲಿ ಇದ್ದೂ ಇಲ್ಲದಷ್ಟು ಹಗುರ. ಅಪರ್ಚರ್ ಬಳೆ ‘ಟಿಕ್ ಟಿಕ್’ ಎನ್ನದೆ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಅಂಚಿನಲ್ಲಿ ಕೆತ್ತಿರುವ ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ.

ಎಫ್ 2 ಬೇಕೇ ಬೇಕೆ, ಎಫ್ 3.5 ಸಾಲದೆ? ಬೆಟ್ಟದ ಚಿತ್ರಕ್ಕೆ ಧಾರಾಳ ಸಾಕು. ನನಗೆ ಸಾಲದಾದದ್ದು ನೆಗಮಂನ ಮಗ್ಗದ ಮನೆಗಳಿಂದಾಗಿ.

ಪೊಳ್ಳಾಚಿಗೆ ಹತ್ತಿರದ ನೆಗಮಂ ಹತ್ತಿ ಸೀರೆಗೆ ಹೆಸರಾದ ಊರು. 2023ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನೇಯುವವರಲ್ಲಿ ದೇವಾಂಗರು ಬಹಳ. ಅವರ ಕುಲದೇವತೆ ಚೌಡೇಶ್ವರಿ. ಎಷ್ಟೋ ತಲೆಮಾರಿನ ಹಿಂದೆ ಇತ್ತ ಬಂದ ಕುಟುಂಬಗಳಲ್ಲಿ ಹಿರಿಯರ ಬಾಯಲ್ಲಿ ಇನ್ನೂ ಕನ್ನಡ ಇದೆ, ತಮಿಳಿನ ರಾಗ ಹತ್ತಿದ ಕನ್ನಡ. ಗುಂಡಿ ಮಗ್ಗ ಇರುವುದು ಮನೆಯ ಒಳಗೆ. ನೇಯುವವರ ಕಾಲು ಗುಂಡಿಯಲ್ಲಿ, ಸೊಂಟ ನೆಲಮಟ್ಟಕ್ಕೆ, ಹಾಸು ಕಣ್ಣಿನ ಮುಂದೆ ಉದ್ದಕ್ಕೂ ಬಿಗಿದಿರುತ್ತದೆ. ಬೆಳಕು ಬರುವುದು ಬಾಗಿಲಿನಿಂದ, ಮತ್ತೆ ಹೆಂಚಿನ ನಡುವೆ ಕೂರಿಸಿದ ಒಂದು ಗಾಜಿನಿಂದ. ಆ ಬೆಳಕು ಮೊದಲು ಬಿಳಿಯ ಹಾಸಿನ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ ನೇಯುವವರ ಗಲ್ಲ ಮತ್ತು ಕಣ್ಣಿನ ಕೆಳಭಾಗಕ್ಕೆ ತಾಗುತ್ತದೆ. ಸ್ಟುಡಿಯೋದವರು ದೊಡ್ಡ ಬಿಳಿ ರಟ್ಟು ಹಿಡಿದು ಮಾಡಿಸುವ ಕೆಲಸವನ್ನು ಇಲ್ಲಿ ನೂಲು ಮಾಡುತ್ತದೆ. ಅಂಥ ಒಂದು ಮನೆಯಲ್ಲಿ ನಾನು ಕ್ಯಾಮೆರಾ ಎತ್ತಿದಾಗ ಮಗ್ಗದ ಪಕ್ಕ ರಾಟೆಯಲ್ಲಿ ನೂಲು ಸುತ್ತುತ್ತಿದ್ದ ಅಜ್ಜಿ, “ಲೈಟ್ ಹಾಕ್ಲಾ ಮಗಾ?” ಅಂದರು.

“ಬೇಡ ಅವ್ವ, ಹೀಗೇ ಇರ್ಲಿ. ಇದೇ ಚೆಂದ.”

“ಕತ್ಲೆ ಅಲ್ವಾ?”

ಕತ್ತಲೆಯೇ. 400 ವೇಗದ ಫಿಲ್ಮ್ ಹಾಕಿದರೂ ಅಲ್ಲಿ ಎಫ್ 2ಕ್ಕೆ ಸೆಕೆಂಡಿನ 30ನೇ ಒಂದು ಭಾಗ ಬೇಕಾಗುತ್ತದೆ. ಎಫ್ 2ರಿಂದ ಒಳಬರುವ ಬೆಳಕು ಎಫ್ 2.8ರ ಎರಡರಷ್ಟು, ಎಫ್ 3.5ರ ಮೂರರಷ್ಟು. ಹಾಗಾದರೆ ಇಂಡಸ್ಟಾರ್-50 ಹಾಕಿದ್ದರೆ ಸೆಕೆಂಡಿನ 10ನೇ ಒಂದು ಭಾಗಕ್ಕೆ ಇಳಿಯಬೇಕಿತ್ತು. ರೇಂಜ್‌ಫೈಂಡರಿನಲ್ಲಿ ಎಸ್‌ಎಲ್‌ಆರ್‌ನಂತೆ ಮೇಲೆ ಹಾರಿ ಬೀಳುವ ಕನ್ನಡಿ ಇಲ್ಲ, ಹಾಗಾಗಿ ಉಸಿರು ಹಿಡಿದರೆ 15ನೇ ಒಂದು ಭಾಗದವರೆಗೂ ಕೈ ನಡುಗದೆ ನಿಲ್ಲಬಹುದು. ಆದರೆ ನಾನು ನಿಂತರೆ ಸಾಲದು. ಲಾಳಿ ಓಡುತ್ತದೆ, ತೋಳು ಬೀಸುತ್ತದೆ, ತಲೆ ಅದರ ಜೊತೆಗೆ ತುಸು ಬಾಗುತ್ತದೆ. 30ನೇ ಒಂದು ಭಾಗದಲ್ಲಿ ಲಾಳಿ ಗೆರೆಯಾಗಿ ಹರಿದರೂ ಮುಖ ನಿಲ್ಲುತ್ತದೆ. 10ನೇ ಒಂದು ಭಾಗದಲ್ಲಿ ಮುಖವೂ ಕಲಸಿಹೋಗುತ್ತದೆ. ನನಗೆ ಬೇಕಾದದ್ದು ಆ ಮುಖ. ಎಫ್ 2ರ ಪಕ್ಷಕ್ಕೆ ನಾನು ಹೋದದ್ದು ಹೀಗೆ. ಇನ್ನೂ ದೊಡ್ಡ ಬಾಯಿಯ ಜುಪಿಟರ್-3, ಎಫ್ 1.5, ಇದೆ. ಬೆಲೆ ಬಹಳ ಏರುತ್ತದೆ, ಬೆಳಕು ಎರಡರಷ್ಟೂ ಹೆಚ್ಚುವುದಿಲ್ಲ.

ಇಲ್ಲಿ ಒಂದು ತೊಡಕಿದೆ, ಅಗ್ಗದ ಲೆನ್ಸ್ ಕೊಳ್ಳುವವರು ಇದನ್ನು ತಿಳಿದಿರಲೇಬೇಕು. 50 ಮಿಲಿಮೀಟರ್ ಅಂತ ಬರೆದಿದ್ದರೂ ಎಷ್ಟೋ ಲೆನ್ಸುಗಳು ಸರಿಯಾಗಿ 50 ಇರುವುದಿಲ್ಲ. ಲೈಕಾದವರು 51.6 ಎಂದು ಇಟ್ಟುಕೊಂಡು ಸನ್ನೆಕೋಲಿನ ಲೆಕ್ಕ ಕಟ್ಟಿದರು, ಕ್ಯಾನನ್ ಆ ದಾರಿಯನ್ನೇ ಹಿಡಿಯಿತು. ಕಾಂಟ್ಯಾಕ್ಸಿನ ಲೆಕ್ಕ 52.4. ಜುಪಿಟರ್ ಆ ವಂಶದ್ದು. ಸೋವಿಯತ್ ಬಾಡಿಯ ಮೇಲೆ ಇದು ಸರಿ ಕೂರುತ್ತದೆ. ಲೈಕಾ ಅಥವಾ ಕ್ಯಾನನ್ ಮೇಲೆ ದೂರದ ವಸ್ತುಗಳಿಗೆ ಸರಿಯಿದ್ದರೂ ಹತ್ತಿರ ಬಂದಷ್ಟೂ ಲೆಕ್ಕ ತಪ್ಪುತ್ತದೆ. ಒಂದು ಮೀಟರಿಗೆ ಬಿಂಬ ಕೂಡಿಸಿದರೆ ನಿಜವಾದ ಫೋಕಸ್ ಮೂರು ಸೆಂಟಿಮೀಟರಿನಷ್ಟು ಹಿಂದೆ ಬೀಳುತ್ತದೆ. ಆ ದೂರದಲ್ಲಿ ಎಫ್ 2ರ ಸ್ಪಷ್ಟತೆಯ ಆಳ ಮುಂದೂ ಹಿಂದೂ ಸೇರಿ ಐದು ಸೆಂಟಿಮೀಟರಿಗಿಂತ ಕಡಿಮೆ. ಕಣ್ಣಿಗೆ ಗುರಿಯಿಟ್ಟರೆ ಕಿವಿಯೋಲೆ ಸ್ಪಷ್ಟವಾಗುತ್ತದೆ.

ಬಹಳ ಜನ ಇಲ್ಲೇ ಲೆನ್ಸನ್ನು ಬೈದು ಮಾರಿಬಿಡುತ್ತಾರೆ. ಮಾರಬೇಕಿಲ್ಲ. ಕೊಯಮತ್ತೂರಿನಲ್ಲಿ ವಾಚು, ಬೈನಾಕ್ಯುಲರ್, ಸರ್ವೆ ಉಪಕರಣ ಎಲ್ಲವನ್ನೂ ಬಿಚ್ಚಿ ಜೋಡಿಸುವ ಹಿರಿಯರೊಬ್ಬರಿದ್ದಾರೆ. ಅವರ ಮುಂದೆ ನನ್ನ ಜುಪಿಟರ್-8 ಇಟ್ಟಾಗ ಕೇಳಿದ ಮೊದಲ ಪ್ರಶ್ನೆ, “ಹತ್ತಿರಕ್ಕೆ ಬೇಕಾ, ದೂರಕ್ಕೆ ಬೇಕಾ ತಂಬಿ?” ಎರಡೂ ಬೇಕು ಅಂದೆ. ಅವರು ತಲೆ ಅಲ್ಲಾಡಿಸಿದರು. ಲೆನ್ಸಿನ ಗಾಜಿನ ಕಂತೆಗೂ ಹೊರಮೈಗೂ ನಡುವೆ ಒಂದು ತೆಳು ಬಳೆ ಇರುತ್ತದೆ. ಅದರ ದಪ್ಪವನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಹೆಚ್ಚಿಸಿದರೆ ಗಾಜು ಅಷ್ಟೇ ಮುಂದೆ ಬಂದು ಹತ್ತಿರದ ಫೋಕಸ್ ಸರಿಯಾಗುತ್ತದೆ, ಆಗ ದೂರದ್ದು ತುಸು ತಪ್ಪುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ದೂರದ ಬೆಟ್ಟವನ್ನು ಎಫ್ 2ರಲ್ಲಿ ತೆಗೆಯುವವರು ಯಾರು? ಬಿಸಿಲಲ್ಲಿ ಎಫ್ 5.6 ಅಥವಾ 8 ಇಡುತ್ತೇವೆ, ಆ ಕಿರಿದಾದ ಬಾಯಿಯಲ್ಲಿ ಹತ್ತನೇ ಒಂದು ಮಿಲಿಮೀಟರಿನ ತಪ್ಪು ನೆಗೆಟಿವ್‌ನಲ್ಲಿ ಕಾಣುವುದೇ ಇಲ್ಲ. ಎಫ್ 2 ಬಳಸುವುದು ಮನೆಯೊಳಗೆ, ಒಂದೂವರೆ ಎರಡು ಮೀಟರ್ ದೂರದ ಮುಖಕ್ಕೆ. ಸರಿಯಾಗಬೇಕಾದದ್ದು ಅಲ್ಲಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದದಷ್ಟು ತೆಳುವಾದ ಹಿತ್ತಾಳೆ ತಗಡನ್ನು ಅವರು ಕತ್ತರಿಸಿ, ಅಂಚನ್ನು ಉಜ್ಜಿ, ಇಕ್ಕಳದ ತುದಿಯಲ್ಲಿ ಹಿಡಿದು ಒಳಗೆ ಕೂರಿಸಿದರು. ಕ್ಯಾಮೆರಾದ ಹಿಂಬಾಗಿಲು ತೆಗೆದು, ಫಿಲ್ಮ್ ಕೂರುವ ಕಂಬಿಗಳ ಮೇಲೆ ಮಸುಕು ಟೇಪ್ ಅಂಟಿಸಿ, ಷಟರನ್ನು ‘ಬಿ’ಯಲ್ಲಿ ತೆರೆದಿಟ್ಟು, ವಾಚಿನ ಭೂತಗನ್ನಡಿಯಲ್ಲಿ ನೋಡುತ್ತಾ ಮತ್ತೆ ಬಿಚ್ಚಿ ಇನ್ನೊಂದು ತಗಡು ಹಾಕಿದರು. ಇಷ್ಟಕ್ಕೆ ಅವರು ತೆಗೆದುಕೊಂಡದ್ದು ಒಂದು ರೋಲಿನ ಬೆಲೆಗಿಂತ ಕಡಿಮೆ. ಬಿಚ್ಚಬಹುದಾದ, ಸರಿ ಮಾಡಬಹುದಾದ ಲೆನ್ಸೇ ನನ್ನ ಮಟ್ಟಿಗೆ ಕೈಗೆಟುಕುವ ಲೆನ್ಸ್.

ಇದಕ್ಕೆ ಮುಂಚೆ ಕ್ಯಾಮೆರಾದ ಕಿಟಕಿಯೇ ಸರಿಯಿದೆಯೇ ಎಂದು ನೋಡಿಕೊಂಡಿರಬೇಕು. ನಮ್ಮೂರಿನಲ್ಲಿ ಅದು ಸಲೀಸು. ಲೆನ್ಸನ್ನು ಅನಂತಕ್ಕೆ ತಿರುಗಿಸಿ, ತಾರಸಿಯಿಂದ ಎರಡು ಮೂರು ಕಿಲೋಮೀಟರ್ ಆಚೆಯ ಗಾಳಿಯಂತ್ರದ ಕಂಬವನ್ನು ನೋಡಿದರೆ ಸಾಕು. ಬಿಳಿಯ ನೆಟ್ಟಗಿನ ಕಂಬ, ಹಿಂದೆ ಬರೀ ಆಕಾಶ. ಕಂಬ ಒಂದಾಗಿ ಕಂಡರೆ ಸರಿ, ಎರಡಾಗಿ ಸೀಳಿ ಕಂಡರೆ ಬಾಡಿಯ ತಿರುಪನ್ನು ಮೊದಲು ಸರಿಪಡಿಸಬೇಕು. ಬಾಡಿಯ ದೋಷವನ್ನು ಲೆನ್ಸಿನ ತಲೆಗೆ ಕಟ್ಟಬಾರದು.

ಆನೈಮಲೈ ಅಂದ ತಕ್ಷಣ ಜನ ಕೇಳುವುದು ಪ್ರಾಣಿಗಳನ್ನು. ಆಳಿಯಾರಿನಿಂದ ವಾಲ್ಪಾರೈಗೆ ಏರುವ 40 ತಿರುವುಗಳ ದಾರಿಯಲ್ಲಿ ನೀಲಗಿರಿ ತಾರ್ ಬಂಡೆಯ ಅಂಚಿಗೆ ಬಂದು ನಿಲ್ಲುತ್ತದೆ. ಪುದುತೋಟ್ಟಂ ಬಳಿ ಸಿಂಗಳೀಕಗಳು ರಸ್ತೆಯ ಮೇಲೆ ಕಟ್ಟಿದ ಹಗ್ಗದ ಸೇತುವೆಯಲ್ಲಿ ದಾಟುತ್ತವೆ. ಇವುಗಳಿಗೆ ಯಾವ ಲೆನ್ಸ್? ನಾನು ನೇರವಾಗಿ ಹೇಳುತ್ತೇನೆ, ಇದಕ್ಕೆ ರೇಂಜ್‌ಫೈಂಡರ್ ಬೇಡ. ಅರ್ಧ ಮೀಟರ್ ಉದ್ದದ ಸಿಂಗಳೀಕ ಹತ್ತು ಮೀಟರ್ ದೂರದಲ್ಲಿದ್ದರೆ 50 ಮಿಲಿಮೀಟರ್ ಲೆನ್ಸಿನಲ್ಲಿ ನೆಗೆಟಿವ್ ಮೇಲೆ ಅದರ ಉದ್ದ ಎರಡೂವರೆ ಮಿಲಿಮೀಟರ್. ರೇಂಜ್‌ಫೈಂಡರ್ ನಂಬಿಕೆಯಿಂದ ಹೊಂದಿಸಬಲ್ಲ ಕೊನೆಯ ಲೆನ್ಸ್ 135 ಮಿಲಿಮೀಟರಿನದು, ಅದರಲ್ಲೂ ಏಳು ಮಿಲಿಮೀಟರ್ ದಾಟುವುದಿಲ್ಲ. ಅಗ್ಗಕ್ಕೆ ಸಿಗುತ್ತದೆಂದು ಜುಪಿಟರ್-11, 135 ಮಿಲಿಮೀಟರ್, ಕೊಂಡು ಆನೈಮಲೈ ಕಾಡಿನ ಟಾಪ್‌ಸ್ಲಿಪ್‌ಗೆ ಹೋಗುವವರಿಗೆ ದುಡ್ಡು ದಂಡ.

ಪ್ರಾಣಿಗಳನ್ನು ನೋಡುವುದಕ್ಕೆ ವನ್ಯಜೀವಿ ಛಾಯಾಗ್ರಾಹಕ ಎಂ. ಕೃಷ್ಣನ್ ಅವರ ಚಿತ್ರಗಳಿವೆ. 1912ರಲ್ಲಿ ಹುಟ್ಟಿದ ಅವರು ತಮಿಳು ಕಾದಂಬರಿಕಾರ ಮಾಧವಯ್ಯನವರ ಮಗ. 1940ರ ದಶಕದಲ್ಲಿ ನಮ್ಮ ಸಂಡೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದು ಮೇಷ್ಟ್ರು, ನ್ಯಾಯಾಧೀಶ, ಪ್ರಚಾರಾಧಿಕಾರಿ ಎಲ್ಲವೂ ಆಗಿದ್ದವರು. 1950ರಿಂದ 1996ರಲ್ಲಿ ತೀರಿಕೊಳ್ಳುವವರೆಗೂ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಪ್ರಕೃತಿಯ ಬಗ್ಗೆ ಅಂಕಣ ಬರೆದರು. ಆನೆಗಳ ಹಿಂದೆ ದಕ್ಷಿಣದ ಕಾಡೆಲ್ಲ ನಡೆದರು. ಅವರ ಕ್ಯಾಮೆರಾ ಯಾವ ಅಂಗಡಿಯಲ್ಲೂ ಸಿಗುವಂಥದಲ್ಲ. ಒಂದು ಕಂಪನಿಯ ಬಾಡಿಗೆ ಇನ್ನೊಂದು ಕಂಪನಿಯ ಟೆಲಿ ಲೆನ್ಸ್ ಸೇರಿಸಿ, ಉಳಿದ ಭಾಗಗಳನ್ನು ತಾವೇ ಹೊಂದಿಸಿ ಕಟ್ಟಿಕೊಂಡ ದೊಡ್ಡ ಪೆಟ್ಟಿಗೆ. ‘ಸೂಪರ್ ಪಾಂಡರೋಸಾ’ ಎಂದು ಅದಕ್ಕೆ ಹೆಸರಿಟ್ಟಿದ್ದರು. ಕಪ್ಪು ಬಿಳುಪು ಬಿಟ್ಟು ಬಣ್ಣಕ್ಕೆ ಹೋಗಲಿಲ್ಲ. ತನಗೆ ಬೇಕಾದ ದೂರ ಯಾವುದು, ಬೇಕಾದ ನೆಗೆಟಿವ್ ಎಷ್ಟು ದೊಡ್ಡದು ಎಂಬುದು ಅವರಿಗೆ ಖಚಿತವಿತ್ತು. ಅದಕ್ಕೆ ತಕ್ಕ ಗಾಜನ್ನು ಹುಡುಕಿ ಜೋಡಿಸಿಕೊಂಡರು. ಲೆನ್ಸ್ ಆರಿಸುವುದನ್ನು ಕಲಿಯಬೇಕಾದರೆ ಕೃಷ್ಣನ್ ಅವರಿಂದ ಕಲಿಯಬೇಕು. ಅವರ ಆನೆಗಳ ಚಿತ್ರಗಳನ್ನು ನೋಡಿದ ಮೇಲೆ ನಾನು ಪುಟ್ಟ ಕ್ಯಾಮೆರಾ ಹಿಡಿದು ಆನೆಯ ಹಿಂದೆ ಹೋಗುವ ಆಸೆಯನ್ನೇ ಬಿಟ್ಟೆ. ತಾರ್ ಕಂಡರೆ ಬೆಟ್ಟದ ಜೊತೆಗೆ ತೆಗೆಯುತ್ತೇನೆ. ಎರಡೂವರೆ ಮಿಲಿಮೀಟರಿನ ತಾರ್, ಅದರ ಸುತ್ತ ಇಡೀ ಕಣಿವೆ.

ವಾಲ್ಪಾರೈಯ ತೋಟಗಳಿಗೆ, ಅಲ್ಲಿನ ಲೈನ್ ಮನೆಗಳ ಅಂಗಳಕ್ಕೆ, ಬಸ್ಸಿನ ಒಳಗಿಗೆ 35 ಮಿಲಿಮೀಟರ್ ಇದ್ದರೆ ಚೆನ್ನ. ಎಫ್ 8ಕ್ಕೆ ಇಟ್ಟು, ದೂರವನ್ನು ಐದು ಮೀಟರಿಗೆ ಹೊಂದಿಸಿಬಿಟ್ಟರೆ ಎರಡೂವರೆ ಮೀಟರಿನಿಂದ ಬೆಟ್ಟದ ತುದಿಯವರೆಗೂ ಎಲ್ಲವೂ ಸ್ಪಷ್ಟ. ಮಂಜು ಸರಿದು ಸೊಪ್ಪು ಕೀಳುವವರ ಸಾಲು ಕಂಡು ಮತ್ತೆ ಮುಚ್ಚಿಕೊಳ್ಳುವಷ್ಟರಲ್ಲಿ ಜೋಡಿ ಬಿಂಬ ಕೂಡಿಸುತ್ತ ಕೂರಲಾಗದು. ಇದರಲ್ಲೂ ರಷ್ಯದ ಜುಪಿಟರ್-12, ಎಫ್ 2.8, ಅಗ್ಗ. ಆದರೆ ಅದರ ಹಿಂದಿನ ಗಾಜು ಹೊಟ್ಟೆ ಮುಂದೆ ಬಂದಂತೆ ಒಳಕ್ಕೆ ಚಾಚಿಕೊಂಡಿದೆ. ಕೆಲವು ಬಾಡಿಗಳ ಒಳಗೆ ತಗಲುತ್ತದೆ. ನಿಮ್ಮ ಬಾಡಿಗೆ ಹಾಕಿ ನೋಡದೆ ಕೊಳ್ಳಬೇಡಿ, ಹಾಕುವಾಗ ತಡೆದರೆ ಒತ್ತಬೇಡಿ. ನಾನು ಇನ್ನೂ 35ಕ್ಕೆ ಕೈ ಹಾಕಿಲ್ಲ. ಕ್ಯಾನನ್ನಿನದೇ ಒಂದು ಎಫ್ 2.8 ಒಳ್ಳೆಯ ಸ್ಥಿತಿಯಲ್ಲಿ ಸಿಗಲಿ ಎಂದು ಕಾಯುತ್ತಿದ್ದೇನೆ.

ಹಳೆಯ ಲೆನ್ಸುಗಳ ಕೋಟಿಂಗ್ ಒಂದೇ ಪದರದ್ದು. ಮಂಜಿನಲ್ಲಿ ಆಕಾಶವೆಲ್ಲ ಒಂದೇ ದೀಪವಾಗಿ ಹೊಳೆಯುವಾಗ ಅಡ್ಡ ಬೆಳಕು ಒಳನುಗ್ಗಿ ಚಿತ್ರ ಬೂದಿಯಾಗುತ್ತದೆ. ಅದಕ್ಕೆ ಲೋಹದ ಹುಡ್ ಒಂದು ಇರಲೇಬೇಕು. ಜುಪಿಟರ್-8ರ ಬಾಯಿ 40.5 ಮಿಲಿಮೀಟರ್, ಆ ಅಳತೆಯ ಹುಡ್ ನೂರಿನ್ನೂರರಲ್ಲಿ ಸಿಗುತ್ತದೆ. ಹಳದಿ ಫಿಲ್ಟರ್ ಕೂಡ ಅದೇ ಅಳತೆಯದು ಕೊಂಡರೆ ಕಪ್ಪು ಬಿಳುಪಿನಲ್ಲಿ ಆಕಾಶ ತುಸು ಗಾಢವಾಗಿ ಮೋಡ ಎದ್ದು ಕಾಣುತ್ತದೆ. ನಡುಹಗಲಿನ ಉರಿಬಿಸಿಲಲ್ಲಿ ಮಾತ್ರ ಈ ಹಳೆಯ ಕೋಟಿಂಗ್ ಉಪಕಾರಿ. ನೆರಳಿನೊಳಕ್ಕೆ ಚೂರು ಬೆಳಕು ಹರಡಿ, ಸಿಲ್ವರ್ ಓಕ್ ಮರಗಳ ಕೆಳಗಿನ ಮುಖಗಳು ಪೂರ್ತಿ ಕಪ್ಪಾಗದಂತೆ ಕಾಯುತ್ತದೆ.

ಕೊಳ್ಳುವಾಗ ನೋಡಬೇಕಾದದ್ದರಲ್ಲಿ ಎಲ್ಲಕ್ಕಿಂತ ಮುಖ್ಯ ಗಾಜಿನ ಒಳಗು. ಮುಂದಿನ ಗಾಜಿನ ಮೇಲೆ ಒಂದೆರಡು ಗೀರು ಇದ್ದರೆ ಚಿತ್ರದಲ್ಲಿ ಕಾಣುವುದಿಲ್ಲ, ಬೆಲೆ ಇಳಿಸಲು ಅದನ್ನು ಬಳಸಿಕೊಳ್ಳಿ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇದ್ದರೆ ಈ ಲೆನ್ಸುಗಳಲ್ಲಿ ತೊಂದರೆ ಕಡಿಮೆ, ನಾವೇ ಕೈಯಲ್ಲಿ ತಿರುಗಿಸುವುದಲ್ಲವೆ. ಫೋಕಸ್ ಬಳೆ ಬಿಗಿಯಾಗಿದ್ದರೆ ಹಳೆಯ ಗ್ರೀಸ್ ತೆಗೆದು ಹೊಸದು ಹಾಕಿಸಿದರಾಯಿತು. ಆದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದಾಗ ಜೇಡನ ಬಲೆಯಂಥ ಎಳೆಗಳು, ಹಾಲು ಬಳಿದಂಥ ಮಬ್ಬು, ಅಂಟಿಸಿದ ಗಾಜುಗಳ ನಡುವೆ ಕಾಮನಬಿಲ್ಲಿನ ಅಂಚು ಇವುಗಳಲ್ಲಿ ಯಾವುದು ಕಂಡರೂ ಕೈಬಿಡಿ. ಗಾಜಿನ ಹೊರಮುಖಕ್ಕೆ ಹಬ್ಬಿದ ಬೂಷ್ಟನ್ನು ಒರೆಸಬಹುದು, ಅಂಟಿನೊಳಗೆ ಹೊಕ್ಕದ್ದಕ್ಕೆ ಮದ್ದಿಲ್ಲ. ಸೊನ್ನಾರ್ ಜಾತಿಯಲ್ಲಿ ಅಂಟಿಸಿದ ಗಾಜೇ ಹೆಚ್ಚು. ಕೊರಿಯರ್‌ನಲ್ಲಿ ತರಿಸುವುದಾದರೆ ಟಾರ್ಚ್ ಬಿಟ್ಟು ತೆಗೆದ ಫೋಟೋ ಮೊದಲು ಕೇಳಿ. ಕಳಿಸಲು ಹಿಂದೆ ಮುಂದೆ ನೋಡುವವರಿಗೆ ದುಡ್ಡು ಹಾಕಬೇಡಿ.

ಮನೆಗೆ ತಂದ ಮೇಲೆ ಚರ್ಮದ ಕೇಸಿಗೆ ಹಾಕಿಡಬಾರದು, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯ ತೇವ ನೂರಕ್ಕೆ 60 ದಾಟಿದರೆ ಬೂಷ್ಟಿಗೆ ಹಬ್ಬ, 40ರಿಂದ 50ರ ನಡುವೆ ಇದ್ದರೆ ಗಾಜಿಗೆ ಕ್ಷೇಮ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಟ್ಟೆಯ ಗಂಟಿನಲ್ಲಿ ಸಿಲಿಕಾ ಜೆಲ್, ನೂರಿನ್ನೂರು ರೂಪಾಯಿಯ ತೇವಮಾಪಕ ಇಷ್ಟು ಸಾಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿದೆ ಎಂದು ಲೆಕ್ಕ. ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬೆಚ್ಚಗೆ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು, ನೀಲಿ ಬಣ್ಣದ ಕೋಬಾಲ್ಟ್ ಒಳ್ಳೆಯದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ, ತಮಿಳಿನ ಐಪ್ಪಶಿ ತಿಂಗಳಲ್ಲಿ ಹಿಂಗಾರು ಸುರಿಯುವಾಗ ಇನ್ನೊಮ್ಮೆ ಡಬ್ಬಿಯ ಮೇಲೆ ನಿಗಾ ಬೇಕು. ಡಬ್ಬಿಗಿಂತಲೂ ಒಳ್ಳೆಯದೆಂದರೆ ಕ್ಯಾಮೆರಾ ಹೊರಗೆ ಓಡಾಡುವುದು. ಗಾಳಿ ಬಿಸಿಲು ಕಂಡ ಗಾಜಿಗೆ ಬೂಷ್ಟು ಹಿಡಿಯುವುದು ಕಡಿಮೆ. ಚೌಡೇಶ್ವರಿ ಹಬ್ಬಕ್ಕೆ ನೆಗಮಂಗೆ ಬಾ ಎಂದು ಆ ರಾಟೆಯ ಅಜ್ಜಿ ಕರೆದಿದ್ದಾರೆ. ಎರಡು ರೋಲ್ ಎತ್ತಿಟ್ಟಿದ್ದೇನೆ, ಎರಡೂ 400ರವು.